ಕ್ಯಾಮೆರಾ ಕಾಣಿಸುತ್ತದೆ, ಆದರೆ ಲಿನಕ್ಸ್ ಮುಟ್ಟಲು ಬಿಡುವುದಿಲ್ಲ

ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ನೀವು ಕೇಳಿರಬಹುದು. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಪಾಠಕ್ಕೆ ಕೂತ ಹುಡುಗರ ಶಾಲೆಗಳು ಅವು. ಅಂಥ ಹುಡುಗರು ತಾವೇ ಬರೆದು, ತಾವೇ ಚಿತ್ರ ಬಿಡಿಸಿ, ದಾರ ಹಾಕಿ ಹೊಲಿದ ಕೈಬರಹ ಪತ್ರಿಕೆಗಳ ಒಂದು ಕಟ್ಟು ಮಾಟುಂಗಾ ಕಡೆಯ ಒಂದು ಸಣ್ಣ ಗ್ರಂಥಾಲಯದ ಕಪಾಟಿನಲ್ಲಿದೆ. ಪ್ರತಿ ಸಂಚಿಕೆಯದ್ದೂ ಇರುವುದು ಒಂದೇ ಪ್ರತಿ. ಮುಂಬಯಿ ಮಳೆಗಾಲಕ್ಕೆ ಕಾಗದ ತೇವ ಹೀರುತ್ತದೆ, ಬೇಸಿಗೆಗೆ ಒಣಗಿ ಅಂಚು ಪುಡಿಯಾಗುತ್ತದೆ. ಇನ್ನು ಕಾಯುವ ಹಾಗಿರಲಿಲ್ಲ. ಎಲ್ಲ ಪುಟಗಳನ್ನೂ ಫೋಟೋ ತೆಗೆದು ಇಡೋಣ ಎಂದು ಕೆಲವರು ಸೇರಿಕೊಂಡೆವು. ಕಂಪ್ಯೂಟರ್ ಕಡೆಯ ಕೆಲಸ ನನಗೆ ಬಂತು.

ಸ್ಕ್ಯಾನರ್ ಬೇಡ ಎಂದು ಮೊದಲೇ ತೀರ್ಮಾನವಾಗಿತ್ತು. ಗಾಜಿನ ಮೇಲೆ ಬೋರಲು ಹಾಕಿ ಒತ್ತಿದರೆ ಆ ಹಳೆಯ ಹೊಲಿಗೆ ಉಳಿಯುವುದಿಲ್ಲ. ಹಾಗಾಗಿ ಪುಸ್ತಕವನ್ನು ಮೇಜಿನ ಮೇಲೆ ಅರ್ಧ ತೆರೆದಿಟ್ಟು, ಮೇಲಿನಿಂದ ಸ್ಟ್ಯಾಂಡಿಗೆ ಕಟ್ಟಿದ ಕ್ಯಾಮೆರಾದಲ್ಲಿ ಫೋಟೋ ತೆಗೆಯುವುದು ಎಂದಾಯಿತು. ನಮ್ಮ ಸಂಘದ ಸದಸ್ಯರೊಬ್ಬರು ತಮ್ಮ ನಿಕಾನ್ ಡಿ90 ಕ್ಯಾಮೆರಾ ಕೊಟ್ಟರು. 2008ರಲ್ಲಿ ಬಂದ ಮಾದರಿ, 12.3 ಮೆಗಾಪಿಕ್ಸೆಲ್. ಹಳೆಯದಾಯಿತಲ್ಲ ಎಂದು ಕೆಲವರು ಕೇಳಿದರು. ಎ4 ಗಾತ್ರದ ಒಂದು ಪುಟ ಫ್ರೇಮಿನ ತುಂಬ ಬಂದರೆ ಇಂಚಿಗೆ ಸುಮಾರು 340 ಪಿಕ್ಸೆಲ್ ಸಿಗುತ್ತದೆ. ಮಸಿಯ ಕೈಬರಹ ಓದಲು ಅಷ್ಟು ಧಾರಾಳ ಸಾಕು.

ಕ್ಯಾಮೆರಾವನ್ನು ಯುಎಸ್‌ಬಿ ಕೇಬಲಿನಿಂದ ಕಂಪ್ಯೂಟರಿಗೆ ಸೇರಿಸಿ, ಕಂಪ್ಯೂಟರಿನಿಂದಲೇ ಕ್ಲಿಕ್ ಮಾಡಿಸಬೇಕು ಎಂಬುದು ನನ್ನ ಲೆಕ್ಕ. ಕೈಯಿಂದ ಬಟನ್ ಒತ್ತಿದರೆ ಸ್ಟ್ಯಾಂಡ್ ಅಲುಗುತ್ತದೆ. ಅಲ್ಲದೆ ಸಂಚಿಕೆ, ಪುಟದ ಸಂಖ್ಯೆ ಹಾಕಿ ಫೈಲಿಗೆ ಹೆಸರಿಡುವ ಕೆಲಸ ಕಂಪ್ಯೂಟರೇ ಮಾಡಿದರೆ ತಪ್ಪು ಕಡಿಮೆ. ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್‌ನಲ್ಲಿ ಇದಕ್ಕೆ ಜಿಫೋಟೋ2 ಎಂಬ ಉಚಿತ ಪ್ರೋಗ್ರಾಂ ಇದೆ. ಸಂಘದ ಹಳೆಯ ಕಂಪ್ಯೂಟರಿಗೆ ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇರುವ ಲಿನಕ್ಸ್ ಹಾಕಿದ್ದೆವು. ಲೈಸೆನ್ಸಿಗೆ ಕೊಡಲು ದುಡ್ಡಿಲ್ಲ, ಆ ಯಂತ್ರಕ್ಕೆ ಬೇರೆ ಏನು ಹಾಕಿದರೂ ಭಾರ.

ಮೊದಲ ತೊಡಕು ಕೇಬಲಿನದ್ದು. ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಡಿ90ಗೆ ಬೇಕಾದದ್ದು ಮಿನಿ ಯುಎಸ್‌ಬಿ, ಈಗಿನ ಫೋನಿನ ಕೇಬಲ್ ಅಲ್ಲ. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಅದು ಈಗಲೂ ಸಿಗುತ್ತದೆ, ಆದರೆ ಅಂಗಡಿಯಲ್ಲಿ ಡೇಟಾ ಕೇಬಲ್ ಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಬರೀ ಕರೆಂಟ್ ಹರಿಸುವ ಕೇಬಲುಗಳೂ ನೋಡಲು ಹಾಗೇ ಇರುತ್ತವೆ. ಸರಿಯಾದ ಕೇಬಲ್ ಹಾಕಿ ಕ್ಯಾಮೆರಾ ಆನ್ ಮಾಡಿ, ಆಜ್ಞೆ ಟೈಪ್ ಮಾಡುವ ಟರ್ಮಿನಲ್ ಕಿಟಕಿಯಲ್ಲಿ ಎಲ್‌ಎಸ್‌ಯುಎಸ್‌ಬಿ ಎಂದು ಹೊಡೆದರೆ ಸಿಕ್ಕಿಸಿದ ಎಲ್ಲ ಸಾಧನಗಳ ಪಟ್ಟಿ ಬರುತ್ತದೆ. ನಮ್ಮದು ಅದರಲ್ಲಿ ಹೀಗಿತ್ತು: ಬಸ್ 001, ಡಿವೈಸ್ 006, ಐಡಿ 04ಬಿ0:0421. ಈ ಐಡಿಯ ಮೊದಲ ಭಾಗ ನಿಕಾನ್ ಕಂಪನಿಯದ್ದು, ಎರಡನೆಯದು ಡಿ90 ಮಾದರಿಯದ್ದು. ಈ ಸಾಲು ಬಂದಿಲ್ಲ ಅಂದರೆ ಪರ್ಮಿಷನ್ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ತೊಂದರೆ ಕೇಬಲಿನಲ್ಲೋ ಪೋರ್ಟಿನಲ್ಲೋ ಕ್ಯಾಮೆರಾದ ಸ್ವಿಚ್ಚಿನಲ್ಲೋ ಇರುತ್ತದೆ.

ಸಾಲು ಬಂತು. ಜಿಫೋಟೋ2ಗೆ ಕ್ಯಾಮೆರಾ ಹುಡುಕು ಎಂದೆ, ಹೆಸರು ಸಮೇತ ಹುಡುಕಿತು. ಫೋಟೋ ತೆಗೆ ಎಂದಾಗ ಮಾತ್ರ ಎರರ್. ಯುಎಸ್‌ಬಿ ಸಾಧನವನ್ನು ತನ್ನ ವಶಕ್ಕೆ ತೆಗೆದುಕೊಳ್ಳಲು ಆಗಲಿಲ್ಲ, ಸಾಧನ ಬ್ಯುಸಿ ಇದೆ ಎಂದಿತು. ಬೇರೆ ಪ್ರೋಗ್ರಾಂ ಅದನ್ನು ಬಳಸುತ್ತಿಲ್ಲ ಎಂದೂ, ನಿಮಗೆ ಓದುವ ಬರೆಯುವ ಪರ್ಮಿಷನ್ ಇದೆ ಎಂದೂ ಖಚಿತಪಡಿಸಿಕೊಳ್ಳಿ ಎಂದು ಅದೇ ಎರರ್‌ನ ಕೊನೆಯಲ್ಲಿ ಬರೆದಿರುತ್ತದೆ.

ತುಂಬ ಜನ ದಾರಿ ತಪ್ಪುವುದು ಇಲ್ಲೇ. ಕೊನೆಯಲ್ಲಿ ಪರ್ಮಿಷನ್ ಎಂಬ ಮಾತು ಕಂಡ ಕೂಡಲೇ ಆಜ್ಞೆಯ ಮುಂದೆ ಸೂಡೂ ಹಾಕುತ್ತಾರೆ, ಅಂದರೆ ಎಲ್ಲ ಹಕ್ಕೂ ಇರುವ ರೂಟ್ ಎಂಬ ಖಾತೆಯ ಹೆಸರಿನಲ್ಲಿ ಅದನ್ನು ನಡೆಸುತ್ತಾರೆ, ಇಲ್ಲವೇ ಎಲ್ಲರಿಗೂ ಎಲ್ಲ ಹಕ್ಕನ್ನೂ ಕೊಟ್ಟುಬಿಡುತ್ತಾರೆ. ಸೂಡೂವನ್ನು ಇಲ್ಲಿ ಬಳಸಬೇಕಾದದ್ದು ರಿಪೇರಿಗೆ ಅಲ್ಲ, ಪರೀಕ್ಷೆಗೆ. ಅದೇ ಆಜ್ಞೆಯನ್ನು ಒಂದು ಸಲ ಸೂಡೂ ಜೊತೆ ಹೊಡೆದು ನೋಡಿದೆ. ಅದೇ ಎರರ್ ಮತ್ತೆ ಬಂತು. ರೂಟ್‌ಗೆ ಇಲ್ಲದ ಪರ್ಮಿಷನ್ ಯಾವುದೂ ಇಲ್ಲ. ರೂಟ್‌ಗೂ ಆಗಲಿಲ್ಲ ಅಂದ ಮೇಲೆ ಇದು ಪರ್ಮಿಷನ್ ತೊಂದರೆ ಅಲ್ಲವೇ ಅಲ್ಲ. ಕ್ಯಾಮೆರಾವನ್ನು ಬೇರೆ ಯಾರೋ ಹಿಡಿದಿದ್ದಾರೆ.

ಯಾರು ಎಂದು ತಿಳಿಯುವುದು ಕಷ್ಟವಲ್ಲ. ಲಿನಕ್ಸ್‌ನಲ್ಲಿ ಪ್ರತಿ ಯುಎಸ್‌ಬಿ ಸಾಧನಕ್ಕೂ ಒಂದು ಫೈಲ್ ಇರುತ್ತದೆ. ಡೆವ್ ಫೋಲ್ಡರಿನೊಳಗೆ ಬಸ್, ಅದರೊಳಗೆ ಯುಎಸ್‌ಬಿ, ಅದರೊಳಗೆ 001, ಅದರೊಳಗೆ 006. ನಮ್ಮ ಕ್ಯಾಮೆರಾದ ಬಾಗಿಲು ಆ ಫೈಲು. ಅದನ್ನು ಯಾರು ತೆರೆದಿದ್ದಾರೆ ಎಂದು ಎಲ್‌ಎಸ್‌ಒಎಫ್ ಆಜ್ಞೆಯಿಂದ ಕೇಳಿದಾಗ ಜಿವಿಎಫ್‌ಎಸ್ ಎಂಬ ವ್ಯವಸ್ಥೆಯ ಜಿಫೋಟೋ2 ಭಾಗದ ಹೆಸರು ಬಂತು. ಕ್ಯಾಮೆರಾ ಸಿಕ್ಕಿಸಿದ ತಕ್ಷಣ ಫೈಲ್ ಮ್ಯಾನೇಜರಿನಲ್ಲಿ ಅದರ ಐಕಾನ್ ತೋರಿಸುವುದು ಇದರ ಕೆಲಸ. ಫೋಟೋ ಎಳೆದು ಹಾಕಿಕೊಳ್ಳುವವರಿಗೆ ಅದು ಅನುಕೂಲ. ನಮಗೆ ಬೇಕಾದದ್ದು ಬೇರೆ. ಒಂದು ಸಮಯಕ್ಕೆ ಒಂದೇ ಪ್ರೋಗ್ರಾಂ ಕ್ಯಾಮೆರಾದ ಜೊತೆ ಮಾತಾಡಬಹುದು.

ತಾತ್ಕಾಲಿಕವಾಗಿ ಬಿಡಿಸಲು ಫೈಲ್ ಮ್ಯಾನೇಜರಿನಲ್ಲಿ ಅನ್‌ಮೌಂಟ್ ಒತ್ತಿದರೂ ಸಾಕು. ಪ್ರತಿ ಸಲ ಒತ್ತುವ ಕೆಲಸ ಬೇಡ ಎಂದರೆ ಹಿನ್ನೆಲೆಯ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಬಳಕೆದಾರನ ಪಟ್ಟಿಯಲ್ಲಿ ಜಿವಿಎಫ್‌ಎಸ್‌ನ ಜಿಫೋಟೋ2 ವಾಲ್ಯೂಮ್ ಮಾನಿಟರ್ ಎಂಬ ಸೇವೆಯನ್ನು ಮಾಸ್ಕ್ ಮಾಡಬೇಕು. ಬರೀ ನಿಲ್ಲಿಸಿದರೆ ಅದು ಮತ್ತೆ ಏಳುತ್ತದೆ, ಮಾಸ್ಕ್ ಮಾಡಿದರೆ ಏಳುವುದಿಲ್ಲ. ಇದರಿಂದ ಪೆನ್‌ಡ್ರೈವ್‌ಗೆ ಏನೂ ಆಗುವುದಿಲ್ಲ, ಅದನ್ನು ನೋಡಿಕೊಳ್ಳುವ ಭಾಗವೇ ಬೇರೆ.

ಫೋಟೋ ಬರತೊಡಗಿತು. ಫೋಕಸ್ ಸಿಗಲಿಲ್ಲ ಎಂಬ ಎರರ್ ಮಧ್ಯೆ ಮಧ್ಯೆ ಬಂತು. ಖಾಲಿ ಪುಟದ ಮೇಲೆ ಆಟೋಫೋಕಸ್‌ಗೆ ಹಿಡಿಯಲು ಏನೂ ಇರುವುದಿಲ್ಲ. ಲೆನ್ಸನ್ನು ಮ್ಯಾನ್ಯುವಲ್‌ಗೆ ತಿರುಗಿಸಿ ಒಮ್ಮೆ ಹೊಂದಿಸಿಟ್ಟ ಮೇಲೆ ಅದೂ ನಿಂತಿತು.

ನಿಜವಾದ ಪರ್ಮಿಷನ್ ತೊಂದರೆ ಶುರುವಾದದ್ದು ಆಮೇಲೆ.

ಗ್ರಂಥಾಲಯ ಅಂದರೆ ಒಂದೇ ಕೋಣೆ. ಮುಂಬಯಿಯಲ್ಲಿ ಜಾಗದ ವಿಷಯ ಹೇಳಬೇಕಾಗಿಲ್ಲ. ಮೇಜಿನ ಮೇಲೆ ಸ್ಟ್ಯಾಂಡ್, ಎರಡು ಕಡೆ ದೀಪ, ಪುಸ್ತಕ ಇಡುವ ಹಲಗೆ. ಮಾನಿಟರ್, ಕೀಬೋರ್ಡ್ ಇಟ್ಟರೆ ಪುಟ ತಿರುಗಿಸುವವರ ಮೊಣಕೈಗೆ ಜಾಗವಿಲ್ಲ. ಹಾಗಾಗಿ ಮಾನಿಟರನ್ನು ತೆಗೆದು, ಕಂಪ್ಯೂಟರನ್ನು ಮೇಜಿನ ಕೆಳಗೆ ಸರಿಸಿ, ಪಕ್ಕದಲ್ಲಿ ಕೂತವರು ತಮ್ಮ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮೂಲಕ, ಅಂದರೆ ನೆಟ್‌ವರ್ಕಿನಲ್ಲಿ ದೂರದಿಂದಲೇ, ಅದಕ್ಕೆ ಲಾಗಿನ್ ಆಗಿ ಕೆಲಸ ಮಾಡುವುದು ಎಂದು ವ್ಯವಸ್ಥೆ ಮಾಡಿದೆವು. ಅದೇ ಕಂಪ್ಯೂಟರ್, ಅದೇ ಬಳಕೆದಾರನ ಹೆಸರು, ಅದೇ ಕೇಬಲ್. ಈಗ ಎರರ್ ಬದಲಾಯಿತು. ಬ್ಯುಸಿ ಎಂಬ ಮಾತು ಹೋಗಿ ಪರ್ಮಿಷನ್ ಡಿನೈಡ್ ಬಂತು.

ಪುಟ ತಿರುಗಿಸುವ ಕೆಲಸ ವಹಿಸಿಕೊಂಡಿದ್ದವರು ಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದ ಟೀಚರ್. ಉಡುಪಿ ಕಡೆಯವರು. ಹತ್ತಿಯ ಕೈಗವಸು ಹಾಕಿ ತಯಾರಾಗಿ ಕೂತಿದ್ದರು.

“ಎಂತ ಆಯ್ತು ಮಾರಾಯ? ಹೋದ ವಾರ ಸರಿ ಇತ್ತಲ್ಲ?”

“ಸರಿ ಇತ್ತು ಟೀಚರ್. ಈಗ ಕ್ಯಾಮೆರಾ ಮುಟ್ಟಲು ನನಗೆ ಹಕ್ಕಿಲ್ಲ ಅನ್ನುತ್ತಿದೆ.”

“ಹೋದ ವಾರ ಹಕ್ಕು ಕೊಟ್ಟದ್ದು ಯಾರು? ಅವರನ್ನೇ ಕೇಳು.”

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಮೊದಲ ದಿನ ಯಾವ ಪರ್ಮಿಷನ್ನನ್ನೂ ಯಾರಿಗೂ ಕೊಟ್ಟಿರಲಿಲ್ಲ. ಆದರೂ ಆಗ ಕೆಲಸ ನಡೆದಿತ್ತು. ಹಾಗಾದರೆ ಯಾರೋ ಕೊಟ್ಟಿರಬೇಕು.

ಮತ್ತೆ ಸೂಡೂ ಪರೀಕ್ಷೆ ಮಾಡಿದೆ. ಈ ಸಲ ರೂಟ್‌ಗೆ ಫೋಟೋ ಬಂತು, ಅಂದರೆ ಈ ಸಲ ನಿಜಕ್ಕೂ ಪರ್ಮಿಷನ್ನೇ. ಕ್ಯಾಮೆರಾದ ಫೈಲನ್ನು ಎಲ್‌ಎಸ್ ಹಾಕಿ ವಿವರವಾಗಿ ನೋಡಿದೆ. ಮಾಲೀಕ ರೂಟ್, ಗುಂಪು ರೂಟ್. ಮಾಲೀಕನಿಗೂ ಗುಂಪಿಗೂ ಓದಲು, ಬರೆಯಲು ಹಕ್ಕು. ಉಳಿದವರಿಗೆ ಓದಲು ಮಾತ್ರ. ಸಾಲಿನಲ್ಲಿ ಆ ಅಕ್ಷರಗಳ ಕೊನೆಗೆ ಒಂದು ಸಣ್ಣ ಅಧಿಕ ಚಿಹ್ನೆ.

ಇಲ್ಲಿ ಒಂದು ಪ್ರಶ್ನೆ ಬರಬಹುದು. ಕ್ಯಾಮೆರಾದಿಂದ ಫೋಟೋ ಓದಿಕೊಂಡರೆ ಆಯ್ತಲ್ವಾ, ಬರೆಯುವ ಹಕ್ಕು ಯಾಕೆ? ಕ್ಯಾಮೆರಾ ಪೆನ್‌ಡ್ರೈವ್ ಹಾಗೆ ಡಿಸ್ಕ್ ಆಗಿ ಕಾಣುವುದಿಲ್ಲ. ಅದು ಪಿಟಿಪಿ ಎಂಬ ಕ್ರಮದಲ್ಲಿ ಮಾತಾಡುತ್ತದೆ, ಐಎಸ್‌ಒ 15740 ಎಂಬ ಮಾನದಂಡ ಅದು. ಕಂಪ್ಯೂಟರ್ ಕೇಳಬೇಕು, ಕ್ಯಾಮೆರಾ ಉತ್ತರ ಕೊಡಬೇಕು. ಕಾರ್ಡಿನಲ್ಲಿ ಏನಿದೆ ಎಂದು ಕೇಳುವುದಕ್ಕೂ ಕ್ಯಾಮೆರಾದ ಕಡೆಗೆ ಒಂದು ಆಜ್ಞೆ ಕಳಿಸಬೇಕು. ಕಳಿಸುವುದು ಅಂದರೆ ಆ ಫೈಲಿಗೆ ಬರೆಯುವುದು. ಹಾಗಾಗಿ ಬರೆಯುವ ಹಕ್ಕಿಲ್ಲದೆ ಒಂದು ಫೋಟೋ ಕೂಡ ಬರುವುದಿಲ್ಲ. ಎಲ್‌ಎಸ್‌ಯುಎಸ್‌ಬಿಯಲ್ಲಿ ಕ್ಯಾಮೆರಾ ಕಾಣಿಸುತ್ತಲೇ ಇರುವುದು, ಕೆಲಸ ಮಾತ್ರ ಆಗದಿರುವುದು ಇದೇ ಕಾರಣಕ್ಕೆ.

ಇನ್ನು ಆ ಅಧಿಕ ಚಿಹ್ನೆ. ಈ ಮಾಮೂಲು ಹಕ್ಕುಗಳ ಜೊತೆಗೆ ಇನ್ನೂ ಯಾರಿಗೋ ಪ್ರತ್ಯೇಕವಾಗಿ ಹಕ್ಕು ಕೊಟ್ಟಿದೆ ಎಂದು ಅದರ ಅರ್ಥ. ಯಾರಿಗೆ ಎಂದು ಎಲ್‌ಎಸ್ ಹೇಳುವುದಿಲ್ಲ. ಗೆಟ್‌ಎಫ್‌ಎಸಿಎಲ್ ಎಂಬ ಇನ್ನೊಂದು ಆಜ್ಞೆಯಿಂದ ಕೇಳಬೇಕು. ಕೇಳಿದೆ. ಹಕ್ಕು ಪಡೆದ ಬಳಕೆದಾರನ ಹೆಸರು ಬಂತು: ಲೈಟ್‌ಡಿಎಂ. ಅದು ಮನುಷ್ಯನಲ್ಲ. ಕಂಪ್ಯೂಟರ್ ಶುರುವಾದಾಗ ಹೆಸರು, ಪಾಸ್‌ವರ್ಡ್ ಕೇಳುವ ಪರದೆ ಇರುತ್ತದಲ್ಲ, ಆ ಪರದೆಯನ್ನು ನಡೆಸುವ ಪ್ರೋಗ್ರಾಂನ ಹೆಸರು ಅದು. ಮೇಜಿನ ಕೆಳಗೆ, ಮಾನಿಟರೇ ಇಲ್ಲದ ಕಂಪ್ಯೂಟರಿನಲ್ಲಿ, ಯಾರೂ ನೋಡದ ಲಾಗಿನ್ ಪರದೆಗೆ ನಮ್ಮ ಕ್ಯಾಮೆರಾದ ಹಕ್ಕು ಸಿಕ್ಕಿತ್ತು. ಇಡೀ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಈ ಒಂದು ಸಾಲು.

ನಡೆಯುವುದು ಹೀಗೆ. ಸಾಧನ ಸಿಕ್ಕಿಸಿದಾಗ ಯುಡೆವ್ ಎಂಬ ಭಾಗ ಅದರ ಐಡಿ ನೋಡುತ್ತದೆ. ಜಿಫೋಟೋ2ಗೆ ಗೊತ್ತಿರುವ ಕ್ಯಾಮೆರಾಗಳ ದೊಡ್ಡ ಪಟ್ಟಿ ಅದರ ಹತ್ತಿರ ಇರುತ್ತದೆ. ನಮ್ಮದು ಆ ಪಟ್ಟಿಯಲ್ಲಿದ್ದರೆ ಅದಕ್ಕೆ ಯುಅಕ್ಸೆಸ್ ಎಂಬ ಗುರುತು ಹಾಕುತ್ತದೆ. ಆ ಗುರುತು ಇರುವ ಸಾಧನಗಳನ್ನು ಯಾರು ಬಳಸಬಹುದು ಎಂದು ನಿರ್ಧರಿಸುವುದು ಸಿಸ್ಟಂಡಿಯ ಲಾಗಿನ್ ನೋಡಿಕೊಳ್ಳುವ ಭಾಗ, ಅಂದರೆ ಲಾಗಿನ್‌ಡಿ. ಅದು ಕಂಪ್ಯೂಟರಿನ ಮುಂದೆ ಈಗ ಕೂತಿರುವವರು ಯಾರು ಎಂದು ನೋಡಿ ಅವರ ಹೆಸರಿಗೆ ಹಕ್ಕು ಬರೆಯುತ್ತದೆ. ಅವರು ಲಾಗ್‌ಔಟ್ ಆದರೆ ಹಕ್ಕನ್ನು ಅಳಿಸುತ್ತದೆ. ಎಸ್‌ಎಸ್‌ಎಚ್‌ನಲ್ಲಿ ಬಂದವರು ಅದರ ಲೆಕ್ಕದಲ್ಲಿ ಮುಂದೆ ಕೂತವರಲ್ಲ. ಊಟದ ಪಂಕ್ತಿಯಲ್ಲಿ ಕೂತವರ ಮುಂದೆ ಎಲೆ ಹಾಕುತ್ತಾರೆ, ಫೋನು ಮಾಡಿ ಕೇಳಿದವರಿಗೆ ಹಾಕುವುದಿಲ್ಲ. ಹಾಗೆ. ಲಾಗಿನ್‌ಸಿಟಿಎಲ್ ಎಂಬ ಆಜ್ಞೆ ಹೊಡೆದರೆ ಇದು ಕಣ್ಣಿಗೇ ಕಾಣುತ್ತದೆ. ಲಾಗಿನ್ ಪರದೆಯ ಸಾಲಿನಲ್ಲಿ ಸೀಟ್0 ಎಂದಿತ್ತು, ನನ್ನ ಎಸ್‌ಎಸ್‌ಎಚ್ ಸಾಲಿನಲ್ಲಿ ಸೀಟಿನ ಜಾಗ ಖಾಲಿ.

ಈ ಏರ್ಪಾಡು ತಪ್ಪಲ್ಲ. ಹಲವರು ಬಳಸುವ ಯಂತ್ರದಲ್ಲಿ ನಾನು ಸಿಕ್ಕಿಸಿದ ಕ್ಯಾಮೆರಾದಲ್ಲಿರುವ ಫೋಟೋಗಳನ್ನು ದೂರದಿಂದ ಬಂದ ಇನ್ನೊಬ್ಬರು ನೋಡುವಂತಾಗಬಾರದು ಅಲ್ವಾ. ನಮ್ಮ ಅಗತ್ಯ ಬೇರೆ ಇತ್ತು, ಅಷ್ಟೆ. ಈಗ ಎರಡು ಎರರ್‌ಗಳ ನಂಟೂ ಅರ್ಥವಾಯಿತು. ಎದುರಿಗೆ ಕೂತು ಲಾಗಿನ್ ಆದರೆ ಹಕ್ಕು ತಾನಾಗಿ ಸಿಗುತ್ತದೆ, ಆದರೆ ಡೆಸ್ಕ್‌ಟಾಪ್ ಕ್ಯಾಮೆರಾವನ್ನು ಮೊದಲೇ ಹಿಡಿದಿರುತ್ತದೆ. ದೂರದಿಂದ ಬಂದರೆ ಕ್ಯಾಮೆರಾ ಹಿಡಿದವರು ಯಾರೂ ಇಲ್ಲ, ಆದರೆ ಹಕ್ಕೂ ಇಲ್ಲ.

ಬೇಗ ಮುಗಿಸುವ ದಾರಿಗಳು ಇದ್ದವು. ಯಾವುದೂ ನಮಗೆ ಒಪ್ಪಿಗೆಯಾಗಲಿಲ್ಲ. ಸೂಡೂ ಹಾಕಿ ಫೋಟೋ ತೆಗೆದರೆ ಬಂದ ಫೈಲುಗಳೆಲ್ಲ ರೂಟ್‌ನ ಹೆಸರಿಗೆ ಆಗುತ್ತವೆ. ಕೆಟ್ಟು ಬಂದ ಒಂದು ಪುಟವನ್ನು ತಿದ್ದಿ ಮತ್ತೆ ಉಳಿಸಲೂ ಸೂಡೂ ಬೇಕು. ಬರುವ ಸ್ವಯಂಸೇವಕರಿಗೆಲ್ಲ ಅಡ್ಮಿನ್ ಪಾಸ್‌ವರ್ಡ್ ಕೊಡುವುದು ನನಗೆ ಸರಿ ಕಾಣಲಿಲ್ಲ. ಇದೇ ಯಂತ್ರದಲ್ಲಿ ಸಂಘದ ಸದಸ್ಯರ ವಿಳಾಸ, ಚಂದಾ ಲೆಕ್ಕ ಎಲ್ಲ ಇದೆ.

ಕ್ಯಾಮೆರಾದ ಫೈಲಿಗೆ ಹಕ್ಕು ಬದಲಿಸುವ ಚ್‌ಮಾಡ್ ಆಜ್ಞೆ ಹಾಕಿ 666 ಮಾಡುವ, ಅಂದರೆ ಎಲ್ಲರಿಗೂ ಓದಲು ಬರೆಯಲು ಬಿಡುವ ಸಲಹೆಯೂ ಬಂತು. ಅದು ನಿಲ್ಲುವುದಿಲ್ಲ. ಡಿ90 ಆಫ್ ಮಾಡಿ ಆನ್ ಮಾಡಿದರೆ 006 ಇದ್ದದ್ದು 007 ಆಗುತ್ತದೆ, ಬ್ಯಾಟರಿ ಬದಲಿಸಿದರೆ 008. ಪ್ರತಿ ಸಲ ಹೊಸ ಫೈಲು, ಹಳೆಯ ಹಕ್ಕು ಹಳೆಯ ಫೈಲಿನ ಜೊತೆಗೇ ಹೋಗುತ್ತದೆ. ಹಕ್ಕನ್ನು ಫೈಲಿಗಲ್ಲ, ಕ್ಯಾಮೆರಾದ ಐಡಿಗೆ ಕಟ್ಟಬೇಕು. ಅದಕ್ಕೆ ಯುಡೆವ್ ನಿಯಮ ಬರೆಯಬೇಕು.

ಮೊದಲು ಕ್ಯಾಮೆರಾ ಎಂಬ ಹೆಸರಿನ ಒಂದು ಗುಂಪು ಮಾಡಿದೆ. ಆಮೇಲೆ ಇಟಿಸಿ ಫೋಲ್ಡರಿನೊಳಗೆ ಯುಡೆವ್, ಅದರೊಳಗೆ ರೂಲ್ಸ್.ಡಿ ಎಂಬಲ್ಲಿ ಒಂದು ಹೊಸ ಫೈಲು. ಅದರಲ್ಲಿ ಒಂದೇ ಸಾಲು. ಸಬ್‌ಸಿಸ್ಟಂ ಯುಎಸ್‌ಬಿ ಆಗಿದ್ದು, ಐಡಿವೆಂಡರ್ 04ಬಿ0 ಆಗಿದ್ದು, ಐಡಿಪ್ರಾಡಕ್ಟ್ 0421 ಆಗಿದ್ದರೆ, ಗುಂಪು ಕ್ಯಾಮೆರಾ, ಮೋಡ್ 0660. ಮಾಲೀಕನಿಗೂ ಗುಂಪಿಗೂ ಓದಲು ಬರೆಯಲು ಹಕ್ಕು, ಉಳಿದವರಿಗೆ ಏನೂ ಇಲ್ಲ.

ಸಾಲು ಒಂದೇ ಆದರೂ ಬರೆಯುವಾಗ ನಿಗಾ ಬೇಕು. ಹೌದೇ ಎಂದು ಪರೀಕ್ಷಿಸುವಲ್ಲಿ ಸಮ ಚಿಹ್ನೆ ಎರಡು ಸಲ ಬರಬೇಕು, ಕೊಡುವಲ್ಲಿ ಒಂದೇ ಸಲ. ಗುಂಪಿನ ಮುಂದೆ ಎರಡು ಸಮ ಹಾಕಿದರೆ ಅದು ತಪ್ಪು ಬರಹ, ನಿಯಮ ಕೆಲಸ ಮಾಡದೆ ಹೋಗಬಹುದು. ಐಡಿಯಲ್ಲಿ ಬರುವ ಇಂಗ್ಲಿಷ್ ಅಕ್ಷರ ಸಣ್ಣಕ್ಷರವೇ ಆಗಿರಬೇಕು. ಫೈಲಿನ ಹೆಸರು ಡಾಟ್ ರೂಲ್ಸ್ ಎಂದೇ ಮುಗಿಯಬೇಕು. ಹೆಸರಿನ ಮೊದಲಿಗೆ ಒಂದು ಸಂಖ್ಯೆ ಇಡುವುದು ರೂಢಿ, ನಿಯಮಗಳನ್ನು ಅದರ ಕ್ರಮದಲ್ಲೇ ಓದುತ್ತದೆ. ನಾನು 85 ಇಟ್ಟೆ, ಸಿಸ್ಟಂ ತಾನಾಗಿ ಕೊಡುವ ಹಕ್ಕುಗಳ ನಂತರ ನಮ್ಮದು ಬರಲಿ ಎಂದು. ಗುಂಪಿನ ಬದಲು ಯುಅಕ್ಸೆಸ್ ಗುರುತನ್ನೇ ನೀವು ಬರೆಯುವುದಾದರೆ 73ಕ್ಕಿಂತ ಕಡಿಮೆ ಸಂಖ್ಯೆ ಇಡಬೇಕು, ಇಲ್ಲದಿದ್ದರೆ ಗುರುತು ಹಾಕುವಷ್ಟರಲ್ಲಿ ಹಕ್ಕು ಹಂಚುವ ನಿಯಮ ದಾಟಿ ಹೋಗಿರುತ್ತದೆ. ಪಟ್ಟಿಯಲ್ಲಿಲ್ಲದ ಕ್ಯಾಮೆರಾವನ್ನು ಎದುರಿಗೆ ಕೂತೇ ಬಳಸುವವರಿಗೆ ಈ ದಾರಿ ಒಳ್ಳೆಯದು.

ಯುಡೆವ್‌ಎಡಿಎಂ ಆಜ್ಞೆಯಿಂದ ನಿಯಮಗಳನ್ನು ಮತ್ತೆ ಓದಿಸಿದೆ. ಓದಿಸಿದರಷ್ಟೇ ಸಾಲದು. ಈಗಾಗಲೇ ಸಿಕ್ಕಿಸಿರುವ ಕ್ಯಾಮೆರಾಗೆ ಹೊಸ ನಿಯಮ ತಾನಾಗಿ ತಗಲುವುದಿಲ್ಲ. ಕೇಬಲ್ ತೆಗೆದು ಮತ್ತೆ ಹಾಕಬೇಕು. ಹಾಕಿ ನೋಡಿದರೆ ಫೈಲಿನ ಗುಂಪು ರೂಟ್ ಹೋಗಿ ಕ್ಯಾಮೆರಾ ಎಂದಾಗಿತ್ತು.

ಆದರೂ ಪರ್ಮಿಷನ್ ಡಿನೈಡ್. ಇದಕ್ಕೆ ಕಾರಣ ಸಣ್ಣದು. ಬಳಕೆದಾರನನ್ನು ಗುಂಪಿಗೆ ಸೇರಿಸಿದರೂ ಆಗಲೇ ಲಾಗಿನ್ ಆಗಿರುವವರಿಗೆ ಅದು ಅನ್ವಯಿಸುವುದಿಲ್ಲ. ಐಡಿ ಎಂಬ ಆಜ್ಞೆ ಹೊಡೆದರೆ ನಿಮ್ಮ ಸದ್ಯದ ಗುಂಪುಗಳ ಪಟ್ಟಿ ಬರುತ್ತದೆ, ಅದರಲ್ಲಿ ಹೊಸ ಹೆಸರು ಇಲ್ಲ ಎಂದರೆ ಹೊರಗೆ ಹೋಗಿ ಮತ್ತೆ ಲಾಗಿನ್ ಆಗಬೇಕು. ಸೇರಿಸುವಾಗ ಇನ್ನೊಂದು ಎಚ್ಚರ: ಯೂಸರ್‌ಮಾಡ್ ಆಜ್ಞೆಯಲ್ಲಿ ದೊಡ್ಡ ಜಿ ಜೊತೆಗೆ ಸಣ್ಣ ಎ ಕೂಡ ಇರಲೇಬೇಕು. ಎ ಬಿಟ್ಟರೆ ಹೊಸ ಗುಂಪಿಗೆ ಸೇರಿಸಿ ಉಳಿದ ಗುಂಪುಗಳಿಂದೆಲ್ಲ ತೆಗೆದುಹಾಕುತ್ತದೆ. ಸೂಡೂ ಹಕ್ಕು ಕೊಡುವ ಗುಂಪೂ ಅದರಲ್ಲಿ ಹೋಗಬಹುದು. ಅಡ್ಮಿನ್ ಖಾತೆಗೇ ಹೀಗಾದರೆ ಸರಿಪಡಿಸುವುದು ದೊಡ್ಡ ಕೆಲಸ.

ಮತ್ತೆ ಲಾಗಿನ್ ಆಗಿ ಆಜ್ಞೆ ಹೊಡೆದೆ. ಮೇಲಿನಿಂದ ಶಟರಿನ ಸದ್ದು ಬಂತು. ಲ್ಯಾಪ್‌ಟಾಪಿನ ಪರದೆಯಲ್ಲಿ ಪುಟ ತೆರೆಯಿತು. ನೀಲಿ ಮಸಿಯಲ್ಲಿ ಊರಿನ ಮಳೆಯ ಬಗ್ಗೆ ಒಂದು ಪದ್ಯ, ಅಂಚಿನಲ್ಲಿ ಬಣ್ಣದ ಪೆನ್ಸಿಲಿನ ತೆಂಗಿನಮರ. ಟೀಚರ್ ಕನ್ನಡಕ ಸರಿಮಾಡಿಕೊಂಡು ಬಗ್ಗಿ ಓದಿದರು.

“ಒತ್ತಕ್ಷರ ಎಷ್ಟು ಚೆಂದ ಬರೆದಿದ್ದಾನೆ ನೋಡು. ಹಗಲಿಡೀ ಚಹಾ ಕಪ್ಪು ತೊಳೆದ ಕೈ ಇದು.”

ಅವರ ಮಾತಿಗೆ ನನ್ನ ಗಂಟಲು ಕಟ್ಟಿತು. ಹದಿಹರೆಯದಲ್ಲಿ ಮನೆ ಬಿಟ್ಟು ಬಂದ ಆ ಹುಡುಗನ ಅಕ್ಷರ ಇನ್ನು ಪುಡಿಯಾಗಿ ಹೋಗುವುದಿಲ್ಲ ಎಂಬುದೇ ನನಗೆ ದೊಡ್ಡದಾಗಿತ್ತು.

ಆಮೇಲೆ ಬೇಕೆಂದೇ ಕಾಟ ಕೊಟ್ಟು ನೋಡಿದೆವು. ಕ್ಯಾಮೆರಾ ಆಫ್ ಮಾಡಿ ಆನ್ ಮಾಡಿದೆವು, ಬೇರೆ ಪೋರ್ಟಿಗೆ ಹಾಕಿದೆವು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆವು. ಡಿವೈಸ್ ಸಂಖ್ಯೆ ಬದಲಾಗುತ್ತಲೇ ಇತ್ತು, ಗುಂಪು ಮಾತ್ರ ಪ್ರತಿ ಸಲ ಸರಿಯಾಗಿ ಬಂತು. ಅಡ್ಮಿನ್ ಹಕ್ಕಿಲ್ಲದ ಒಂದು ಖಾತೆ ಮಾಡಿ ಅದನ್ನು ಕ್ಯಾಮೆರಾ ಗುಂಪಿಗೆ ಸೇರಿಸಿದೆ. ಈಗ ಬರುವವರೆಲ್ಲ ಆ ಖಾತೆಯಲ್ಲೇ ಕೆಲಸ ಮಾಡುತ್ತಾರೆ. ಸಂಚಿಕೆಯ ಹೆಸರು ಕೇಳಿ, ಎಂಟರ್ ಒತ್ತಿದಾಗಲೆಲ್ಲ ಒಂದು ಪುಟ ತೆಗೆದು ಸಂಖ್ಯೆ ಹಾಕುವ ಸಣ್ಣ ಸ್ಕ್ರಿಪ್ಟ್ ಒಂದನ್ನೂ ಇಟ್ಟಿದ್ದೇನೆ.

ನಿಮ್ಮ ಊರಿನ ಸಂಘದಲ್ಲಿ ಇಂಥ ಕೆಲಸ ಹಿಡಿಯುವುದಾದರೆ ಈ ನಿಯಮವನ್ನೇ ಬಳಸಬಹುದು. ಎಲ್‌ಎಸ್‌ಯುಎಸ್‌ಬಿಯಲ್ಲಿ ನಿಮ್ಮ ಕ್ಯಾಮೆರಾದ ಎರಡು ಸಂಖ್ಯೆ ನೋಡಿ ಬದಲಿಸಿದರೆ ಆಯಿತು. ಎರಡನೇ ಕ್ಯಾಮೆರಾ ಬಂದರೆ ಅದೇ ಫೈಲಿನಲ್ಲಿ ಕೆಳಗೆ ಇನ್ನೊಂದು ಸಾಲು. ಪ್ರೋಗ್ರಾಂಗಳ ಜೊತೆ ಬರುವ ನಿಯಮದ ಫೈಲುಗಳನ್ನು ಮಾತ್ರ ತಿದ್ದಬೇಡಿ. ಅವು ಯುಎಸ್‌ಆರ್ ಫೋಲ್ಡರಿನ ಒಳಗಿರುತ್ತವೆ, ಮುಂದಿನ ಅಪ್‌ಡೇಟ್‌ನಲ್ಲಿ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ಇಟಿಸಿಯಲ್ಲಿ ನೀವೇ ಬರೆದಿಟ್ಟದ್ದು ಹಾಗೇ ಉಳಿಯುತ್ತದೆ.